ಹಾರಿದ್ದಕ್ಕೆ ಮಾತ್ರ ರೇಟು

ಅವರ ತಲೆಯ ಮೇಲೆ ಅಡಿಕೆ ಹಾಳೆಯ ಟೊಪ್ಪಿ ಇರುತ್ತಿತ್ತು. ನಮ್ಮ ಕಡೆ ಅದಕ್ಕೆ ಮುಟ್ಟಾಳೆ ಎನ್ನುತ್ತಾರೆ. ತೋಟದ ಕೆಲಸದವರು ಇಟ್ಟುಕೊಳ್ಳುವಂಥದ್ದೇ, ಬೇರೆ ವಿಶೇಷವಿಲ್ಲ. ಆದರೆ ಅದರ ನೆತ್ತಿಯ ಮೇಲೆ ಅಂಗೈಯಗಲಕ್ಕೆ ಕೆಂಪು ಬಣ್ಣದ ಒಂದು ಬೊಟ್ಟು ಬರೆದಿತ್ತು. ಎದುರು ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಅವರು ಹಾರಿಸುವ ಡ್ರೋನಿಗೆ ಮಾತ್ರ ಕಾಣುತ್ತಿತ್ತು. ಹಸಿರಿನ ನಡುವೆ ತಾನು ಎಲ್ಲಿ ನಿಂತಿದ್ದೇನೆ ಎಂದು ಪರದೆಯ ಮೇಲೆ ಬೇಗ ಗುರುತು ಸಿಗಬೇಕಲ್ಲ, ಅದಕ್ಕೆ ಆ ಬೊಟ್ಟು.

ನನಗೆ ಅದು ದಿನಾ ಕಾಣುತ್ತಿತ್ತು. ಸುಳ್ಯದ ಬಸ್ಸು ನಿಲ್ದಾಣದ ಹತ್ತಿರ, ಒಂದು ಕಟ್ಟಡದ ಮಹಡಿಯಲ್ಲಿ ಅವರ ಸ್ಟುಡಿಯೋ ಮತ್ತು ನನ್ನ ಹೊಲಿಗೆಯ ಅಂಗಡಿ ಅಕ್ಕಪಕ್ಕ ಇದ್ದವು. ನಡುವೆ ಪ್ಲೈವುಡ್ಡಿನ ಒಂದು ತಡಿಕೆ. ಆ ತಡಿಕೆಯ ಮೊಳೆಗೆ ಅವರು ಮುಟ್ಟಾಳೆಯನ್ನು ತೂಗು ಹಾಕಿದರೆ ಬೊಟ್ಟು ನನ್ನ ಮೆಷಿನಿನ ಕಡೆಗೆ ತಿರುಗಿರುತ್ತಿತ್ತು. ಎಲ್ಲರೂ ಅವರನ್ನು ಸ್ಟುಡಿಯೋ ಅಕ್ಕ ಎನ್ನುತ್ತಿದ್ದರು. ನಾನು ಬರೀ ಅಕ್ಕ ಎನ್ನುತ್ತಿದ್ದೆ.

ಸ್ಟುಡಿಯೋ ಅವರ ಗಂಡನದು. ಅವರು ತೀರಿಹೋದ ಮೇಲೆ ಅಕ್ಕ ಅದನ್ನು ಮುಚ್ಚುತ್ತಾರೆ ಎಂದು ಕಟ್ಟಡದಲ್ಲಿ ಎಲ್ಲರೂ ಹೇಳಿದರು. ಅಕ್ಕ ಗಂಡನ ದೊಡ್ಡ ವಿಡಿಯೊ ಕ್ಯಾಮೆರಾ, ಮದುವೆ ಮನೆಯ ಲೈಟುಗಳು, ಸ್ಟ್ಯಾಂಡುಗಳು ಎಲ್ಲವನ್ನೂ ಮಾರಿ ಒಂದು ಡ್ರೋನ್ ತಂದರು. ಕಲಿತದ್ದು ಶಾಲೆಯ ಮೈದಾನದಲ್ಲಿ, ಭಾನುವಾರಗಳಲ್ಲಿ, ಒಬ್ಬರೇ. ಗಂಡನ ಹಳೆಯ ಅಂಗಿಗಳನ್ನು ಮಾತ್ರ ಮಾರಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಹಾರಿಸಲು ಹೋಗುವಾಗ ಚೂಡಿದಾರದ ಮೇಲೆ ಅವುಗಳಲ್ಲಿ ಒಂದನ್ನು ಹಾಕಿಕೊಳ್ಳುತ್ತಿದ್ದರು. ಡ್ರೋನಿನೊಳಗಿನದ್ದು ಬಿಟ್ಟು, ಎದೆಯ ಎರಡೂ ಕಿಸೆಗಳಲ್ಲಿ ಇನ್ನೆರಡು ಬ್ಯಾಟರಿ.

ಬೊಟ್ಟಿನ ವಿಷಯ ನಾನು ಒಮ್ಮೆ ಕೇಳಿದೆ. ಅವರ ಹಣೆಯಲ್ಲಿ ಆಗ ಬೊಟ್ಟು ಇರುತ್ತಿರಲಿಲ್ಲ.

"ಹಣೆಯದ್ದು ಊರಿಗೆಲ್ಲ ಕಾಣ್ತದೆ" ಎಂದರು. "ಇದು ಮೇಲಿನಿಂದ ನೋಡುವವರಿಗೆ ಮಾತ್ರ."

ಅವರು ಮುಂದಿನ ಪಾಸ್‌ಪೋರ್ಟ್ ಫೋಟೋದವರನ್ನು ಕರೆದು, ಗಲ್ಲ ಸ್ವಲ್ಪ ಕೆಳಗೆ ಮಾಡಿ ಎಂದರು.

ಹಾರಿಸುವಾಗ ಅವರು ಫೋನ್ ಎತ್ತುತ್ತಿರಲಿಲ್ಲ. ಅದಕ್ಕಾಗಿ ಅಂಗಡಿಯ ಫೋನನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಹೀಗಾಗಿ ಡ್ರೋನಿನವರನ್ನು ಕರೆಸಲು ಎಷ್ಟಾಗುತ್ತದೆ ಎಂಬ ಪ್ರಶ್ನೆಗೆ ಈ ಮೂರು ತಾಲೂಕುಗಳಲ್ಲಿ ಹೆಚ್ಚು ಸಲ ಉತ್ತರ ಕೊಟ್ಟವಳು ಬಹುಶಃ ನಾನೇ. ಹೇಗೆ ಹೇಳಬೇಕೆಂದು ಅಕ್ಕ ಕಲಿಸಿದ್ದರು. ರೇಟು ಕೇಳಿದರೆ ಕೂಡಲೇ ರೇಟು ಹೇಳಬಾರದು. ಮೊದಲು ಊರು ಕೇಳಬೇಕು. ಆಮೇಲೆ, ಮೇಲೆ ಎಂತ ಉಂಟು ಎಂದು ಕೇಳಬೇಕು.

"ಮೇಲೆ ಎಂತ ಉಂಟು ಅಂದ್ರೆ? ಆಕಾಶ ಉಂಟು ಮಾರಾಯ್ರೆ" ಎಂದು ಕಡಬದ ಒಬ್ಬರು ಹೇಳಿದ್ದು ನೆನಪಿದೆ.

"ಅದಲ್ಲ. ಕರೆಂಟಿನ ವಯರು, ತೆಂಗಿನ ಮರ, ಗಿಡುಗ, ಅಂಥದ್ದು."

"ಗಿಡುಗಕ್ಕೂ ರೇಟು ಉಂಟಾ?"

ಉಂಟು. ಗಿಡುಗ ಗೂಡು ಕಟ್ಟುವ ಕಾಲದಲ್ಲಿ ಗುಡ್ಡದ ಬದಿಯ ಮನೆಗಳಿಗೆ ಸ್ವಲ್ಪ ಹೆಚ್ಚು. ಅದು ಡ್ರೋನನ್ನು ಬೇರೆ ಹಕ್ಕಿ ಎಂದು ತಿಳಿದು ಎರಗುತ್ತದೆ. ಉಳಿದಂತೆ ಅರ್ಧ ದಿನಕ್ಕೆ ಆರು ಸಾವಿರ, ಇಡೀ ದಿನಕ್ಕೆ ಹತ್ತು. ಸುಬ್ರಹ್ಮಣ್ಯದ ಕಡೆಯಾದರೆ ದೇವಸ್ಥಾನದ ಹತ್ತಿರ ಹಾರಿಸಲಿಕ್ಕಿಲ್ಲ, ಪರ್ಮಿಶನ್ ಇದ್ದರೆ ಮಾತ್ರ. ಮಳೆ ಬಂದರೆ ಹಾರಿಸುವುದಿಲ್ಲ, ಹಾರಿಸದಿದ್ದರೆ ಹಣ ತೆಗೆದುಕೊಳ್ಳುವುದಿಲ್ಲ. ಇಷ್ಟನ್ನು ಹೇಳಿ, ಕೊನೆಗೆ ಅಕ್ಕನದೇ ಒಂದು ಮಾತನ್ನು ನಾನು ಹೇಳಲೇಬೇಕಿತ್ತು. "ಹಾರಿದ್ದಕ್ಕೆ ನೀವು ಕೊಡಿ. ಬಿದ್ದರೆ ಅದು ನಮ್ಮ ಲೆಕ್ಕ."

ಚೌಕಾಸಿ ಮಾಡುವವರನ್ನು ಅಕ್ಕನೇ ನೋಡಿಕೊಳ್ಳುತ್ತಿದ್ದರು.

"ಪುತ್ತೂರಿನಿಂದ ಮೂರಕ್ಕೆ ಬರ್ತಾರಲ್ಲ ಅಕ್ಕ?"

"ಬರ್ಲಿ ಮಾರಾಯ. ಮೂರರ ಡ್ರೋನು ನಿನ್ನ ತೆಂಗಿನ ಮರಕ್ಕೆ ಸಿಕ್ಕಿಹಾಕಿಕೊಂಡ್ರೆ ಮರ ಹತ್ತುವವನ ಕೂಲಿ ನೀನು ಕೊಡು."

ಹೆಂಗಸು ಹಾರಿಸುವುದಾ ಎಂದು ಕೇಳುವವರೂ ಇದ್ದರು. ಈಶ್ವರಮಂಗಲದ ಒಂದು ಮದುವೆಗೆ ಕುಚ್ಚು ಹಾಕಿದ ಸೀರೆ ಕೊಡಲು ನಾನು ಹೋಗಿದ್ದೆ, ಅಕ್ಕನೂ ಅಲ್ಲಿದ್ದರು. ಚಪ್ಪರದ ಹೊರಗೆ ಅವರು ಚೀಲ ಬಿಚ್ಚುತ್ತಿದ್ದಾಗ ಯಜಮಾನರೊಬ್ಬರು ಬಂದು, "ಎಂತ ಅಕ್ಕ, ಗಾಳಿಪಟ ಬಿಡ್ಲಿಕ್ಕೆ ಬಂದದ್ದಾ?" ಎಂದರು. ಅಕ್ಕ ತಲೆ ಎತ್ತದೆ, "ಹೌದು ಮಾವ, ದಾರ ತರ್ಲಿಕ್ಕೆ ಮರೆತೆ" ಎಂದರು. ಆ ಚೀಲ ನಾನು ಹೊಲಿದುಕೊಟ್ಟದ್ದು. ಬ್ಲೌಸಿನ ತುಂಡುಗಳನ್ನು ಸೇರಿಸಿ, ಒಳಗೆ ಹತ್ತಿ ತುಂಬಿಸಿ ಮಾಡಿದ್ದು. ಹಸಿರು, ನೇರಳೆ, ಅರಶಿನ, ಎಲ್ಲ ಬಣ್ಣವೂ ಅದರಲ್ಲಿತ್ತು.

ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ತಡಿಕೆಯ ಆ ಬದಿಯಿಂದ, "ಬಾ, ಊರು ನೋಡು" ಎಂದು ಕರೆಯುತ್ತಿದ್ದರು. ನಾನು ಮೆಷಿನ್ ನಿಲ್ಲಿಸಿ ಹೋಗುತ್ತಿದ್ದೆ. ಡ್ರೋನಿನ ಚಿತ್ರಕ್ಕೆ ಸದ್ದು ಇರುವುದಿಲ್ಲ. ಮದುವೆಯವರಿಗೆ ಕೊಡುವಾಗ ಹಾಡು ಸೇರಿಸುತ್ತಾರೆ. ನನಗೆ ತೋರಿಸುವಾಗ ಹಾಡು ಇರುತ್ತಿರಲಿಲ್ಲ. ಪರದೆಯ ಮೇಲೆ ಪಯಸ್ವಿನಿ ನದಿ ಯಾರೋ ಬಿಚ್ಚಿ ಬಿಟ್ಟ ಲಾಡಿಯಂತೆ ಬಿದ್ದಿರುತ್ತಿತ್ತು. ಮಂಜು ಗುಡ್ಡಗಳ ನಡುವೆ ನಿಂತಿರುತ್ತಿತ್ತು, ನಾವು ಅದರ ಮೇಲಿನಿಂದ ಮೆಲ್ಲಗೆ ಸಾಗುತ್ತಿದ್ದೆವು. ಬಸ್ಸುಗಳು ಓಡುತ್ತಿವೆ ಎಂದು ಅನಿಸುತ್ತಲೇ ಇರಲಿಲ್ಲ. ಒಮ್ಮೆ ಒಂದು ಅಂಗಳದಲ್ಲಿ ಯಾರೋ ಹೆಂಗಸು ಬಟ್ಟೆ ಒಣಗಲು ಹಾಕುತ್ತ ನಿಂತು ಮೇಲೆ ನೋಡಿದರು. ಅಷ್ಟು ಎತ್ತರದಿಂದ ಮುಖ ಕಾಣಲಿಲ್ಲ, ಆದರೆ ಅವರು ನೋಡಿದ್ದು ನಮ್ಮನ್ನೇ ಎಂದು ಇಬ್ಬರಿಗೂ ಅನಿಸಿತು. ಅಕ್ಕ ಮೆಲ್ಲನೆ ಕೈ ಎತ್ತಿದರು. ನಾನೂ ಎತ್ತಿದೆ. ಆಮೇಲೆ ಇಬ್ಬರೂ ನಕ್ಕೆವು.

ಪ್ರತಿಯೊಂದು ಹಾರಾಟದ ಮೊದಲಿಗೆ ಅವರದೇ ಚಿತ್ರ ಇರುತ್ತಿತ್ತು. ಅದು ಅವರ ಕ್ರಮ. ಡ್ರೋನು ಮೊದಲು ತಮ್ಮ ತಲೆಯಿಂದ ನೇರ ಮೇಲಕ್ಕೆ ಏರಬೇಕು, ಕ್ಯಾಮೆರಾ ಕೆಳಗೆ ನೋಡುತ್ತಿರಬೇಕು. ಹೊರಟ ಜಾಗವನ್ನು ಒಮ್ಮೆ ನೋಡಿ ಇಟ್ಟುಕೊಂಡರೆ ಆಮೇಲೆ ಎಲ್ಲಿ ಹೋದರೂ ಹೆದರಿಕೆಯಿಲ್ಲ ಎನ್ನುತ್ತಿದ್ದರು. ಹೀಗೆ ಎಲ್ಲ ಚಿತ್ರಗಳೂ ಒಂದು ಕೆಂಪು ಬೊಟ್ಟಿನಿಂದ ಶುರುವಾಗುತ್ತಿದ್ದವು. ಬೊಟ್ಟು ಸಣ್ಣದಾಗುತ್ತ ಹೋಗಿ, ಅದರ ಸುತ್ತ ಅಂಗಳ, ಅಂಗಳದ ಸುತ್ತ ಮನೆಯ ಹೆಂಚಿನ ಮಾಡು, ಮಾಡಿನ ಸುತ್ತ ಮರಗಳು ತೆರೆದುಕೊಳ್ಳುತ್ತಿದ್ದವು. ಗಿರಾಕಿಗೆ ಕೊಡುವ ಮೊದಲು ಅಕ್ಕ ಆ ಭಾಗವನ್ನು ಕತ್ತರಿಸಿ ಅಳಿಸಿಬಿಡುತ್ತಿದ್ದರು.

"ಇರ್ಲಿ ಅಕ್ಕ, ಚಂದ ಉಂಟು" ಎಂದೆ ಒಮ್ಮೆ.

"ಮದುವೆ ಅವರದ್ದು. ನನ್ನ ತಲೆ ಎಂತಕ್ಕೆ?"

ಇನ್ನು ಬರೆಯಬೇಕಾದದ್ದು ಒಂದು ದಿನದ ವಿಷಯ. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ನಮ್ಮ ಮನೆ ಸುಳ್ಯದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವಾಗ ಒಳಗೆ, ಕಾಡಿನ ಅಂಚಿನಲ್ಲಿದೆ. ಮನೆಗೂ ತೋಟಕ್ಕೂ ನೀರು ಬರುವುದು ಗುಡ್ಡದ ಮೇಲಿನ ತೋಡಿನಿಂದ, ಅಂದರೆ ಒಂದು ಸಣ್ಣ ಹಳ್ಳದಿಂದ. ಮಳೆ ನಿಂತ ಮೇಲೆ ಅಲ್ಲಿ ಕಲ್ಲು ಮಣ್ಣಿನ ಸಣ್ಣ ಕಟ್ಟ ಹಾಕಿ, ಕಪ್ಪು ಪೈಪಿನಲ್ಲಿ ನೀರು ಬಿಟ್ಟರೆ ಅದು ಕಾಡಿನೊಳಗಿಂದ ತಾನಾಗಿ ಇಳಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಪೈಪಿನ ಹಿಂದೆ ಒಬ್ಬರು ನಡೆಯುತ್ತಲೇ ಇರಬೇಕು. ಎಲೆ ಸಿಕ್ಕಿಕೊಳ್ಳುತ್ತದೆ, ಜಾಯಿಂಟು ಬಿಡುತ್ತದೆ, ಹಂದಿ ಎಳೆಯುತ್ತದೆ. ನಮ್ಮ ಮನೆಯಲ್ಲಿ ಆ ನಡಿಗೆ ನನ್ನ ಗಂಡನದು. ಆ ವರ್ಷ ಆನೆಗಳು ಬಂದು ಹಳೆಯ ಪೈಪನ್ನು ಅಲ್ಲಲ್ಲಿ ತುಳಿದು ಹಾಕಿದ್ದವು. ಅವರು ಹಳೆಯ ದಾರಿ ಬಿಟ್ಟು, ಕಾಡಿನ ಬೇರೆ ಬದಿಯಿಂದ, ಆನೆಗೆ ಕಾಣದಂತೆ ಮಣ್ಣು ತರಗೆಲೆಯ ಅಡಿಯಲ್ಲಿ, ಹೊಸ ಪೈಪು ಎಳೆದರು. ಆ ಹೊಸ ದಾರಿ ಅವರಿಗೊಬ್ಬರಿಗೇ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಪೈಪಿನಲ್ಲಿ ನೀರು ಬರಲಿಲ್ಲ. ಅವರು ಚಹಾ ಕುಡಿದು, ಹೆಗಲಿಗೆ ಟವೆಲು, ನಮ್ಮ ಕಡೆಯ ಬೈರಾಸು, ಹಾಕಿ ಕಾಡಿಗೆ ಹೊರಟರು. ನಾನು ಬಸ್ಸು ಹತ್ತಿ ಅಂಗಡಿಗೆ ಬಂದೆ. ತಿಂಡಿಯ ಹೊತ್ತಿಗೆ ಅವರು ವಾಪಸಾಗಿರುತ್ತಾರೆ, ಯಾವಾಗಲೂ ಹಾಗೆಯೇ.

ನಾನು ಒಂದು ತೋಳು ಜೋಡಿಸುತ್ತಿದ್ದಾಗ ಅತ್ತೆಯ ಫೋನ್ ಬಂತು.

"ನೀರೂ ಬರ್ಲಿಲ್ಲ, ಅವನೂ ಬರ್ಲಿಲ್ಲ" ಎಂದರು.

ಅಕ್ಕ ಆಗ ಚೀಲ ಕಟ್ಟಿ ಹೊರಟು ನಿಂತಿದ್ದರು. ಕುಂಬ್ರದಲ್ಲಿ ಒಂದು ಗೃಹಪ್ರವೇಶವಿತ್ತು. ದೊಡ್ಡ ಮನೆ, ಇಡೀ ದಿನದ ಕೆಲಸ, ಅಡ್ವಾನ್ಸ್ ಬಂದಿತ್ತು. ನಾನು ಫೋನ್ ಇಟ್ಟು ಕತ್ತರಿಯನ್ನು ಹುಡುಕುತ್ತಿದ್ದೆ. ಯಾಕೆ ಹುಡುಕುತ್ತಿದ್ದೆನೋ ಗೊತ್ತಿಲ್ಲ, ಅದು ನನ್ನ ಕೈಯಲ್ಲೇ ಇತ್ತು.

"ಎಂತ ಆಯ್ತು?" ಎಂದರು ಅಕ್ಕ.

ನಾನು ಅತ್ತೆ ಹೇಳಿದ್ದನ್ನೇ ಹೇಳಿದೆ. ಆನೆಯ ವಿಷಯವನ್ನೂ ಹೇಳಿದೆ.

"ಕೆಳಗೆ ಹೋಗಿ ಸ್ಕೂಟರಿನ ಹತ್ತಿರ ನಿಲ್ಲು" ಎಂದು ಹೇಳಿ ಅವರು ಕುಂಬ್ರಕ್ಕೆ ಫೋನ್ ಮಾಡಿದರು. ಮೆಟ್ಟಿಲಿನಲ್ಲಿ ನನಗೆ ಅವರ ಮಾತು ಕೇಳುತ್ತಿತ್ತು. ಆಚೆಯವರು ತುಂಬ ಹೊತ್ತು ಮಾತಾಡಿರಬೇಕು. ಅಕ್ಕ ಎಲ್ಲವನ್ನೂ ಕೇಳಿ, "ನೀವು ಬೈಯುದು ಸರಿಯೇ ಉಂಟು. ಆದ್ರೂ ಇವತ್ತು ಆಗುದಿಲ್ಲ. ಅಡ್ವಾನ್ಸ್ ವಾಪಸ್ ಕಳಿಸ್ತೇನೆ" ಎಂದರು.

ಮನೆಗೆ ತಲಪಿದಾಗ ಅಂಗಳದಲ್ಲಿ ಅಕ್ಕಪಕ್ಕದ ಮನೆಯ ಗಂಡಸರು ನಿಂತಿದ್ದರು. ಕೆಲವರು ಹಳೆಯ ಪೈಪಿನ ದಾರಿಯಲ್ಲಿ ಹೋಗಿ, ಕರೆದು, ಉತ್ತರವಿಲ್ಲದೆ ಬಂದಿದ್ದರು. ಅಲ್ಲಿ ಆನೆಯ ಹಸಿ ಲದ್ದಿ ಕಂಡಿತ್ತು. ಕಾಡು ದೊಡ್ಡದು, ಬೆತ್ತದ ಮುಳ್ಳು, ಎಲ್ಲಿಂದ ನುಗ್ಗುವುದೆಂದು ತಿಳಿಯದೆ ಫಾರೆಸ್ಟಿನವರಿಗಾಗಿ ಕಾಯುತ್ತಿದ್ದರು. ಆಚೆಮನೆಯ ಮಾವ ಮಾತ್ರ ತೋಡಿನ ಕಟ್ಟದವರೆಗೆ ಹೋಗಿ ಬಂದಿದ್ದರು. ಅಲ್ಲಿ ಪೈಪಿನ ಬಾಯಿ ಸರಿಯಾಗಿಯೇ ಇತ್ತಂತೆ.

ಅಕ್ಕ ಅಂಗಳದ ನಡುವೆ ನಿಂತು ಮೊದಲು ಮೇಲೆ ನೋಡಿದರು. ವಯರು, ಮರ, ಗಿಡುಗ. ಆಮೇಲೆ ಮುಟ್ಟಾಳೆ ಸರಿಮಾಡಿಕೊಂಡು ಡ್ರೋನನ್ನು ಎತ್ತಿದರು. ಒಂದು ಬ್ಯಾಟರಿ ಮುಗಿಯುವವರೆಗೆ ಅದು ಕಾಡಿನ ಮೇಲೆ ಹೋಗಿ ಬಂದು ಮಾಡಿತು. ಎರಡನೆಯದೂ ಹಾಗೆಯೇ ಮುಗಿಯಿತು. ನಾನು ಪರದೆಯನ್ನು ನೋಡುತ್ತಿದ್ದೆ. ದಿನಾ ಸಂಜೆ ಅಷ್ಟು ಇಷ್ಟಪಟ್ಟು ನೋಡುತ್ತಿದ್ದ ಹಸಿರು ಅದೇ. ಒಂದು ಕಡೆಯೂ ಬಾಯಿ ತೆರೆಯದ ಹಸಿರು. ಅದರೊಳಗೆ ಒಬ್ಬ ಮನುಷ್ಯ ಇದ್ದಾನೆ ಎಂದು ಅದು ಹೇಳುತ್ತಲೇ ಇರಲಿಲ್ಲ.

ಅಕ್ಕ ಡ್ರೋನನ್ನು ಇಳಿಸಿ ಮಾವನ ಕಡೆ ತಿರುಗಿದರು.

"ಮಾವ, ಕಟ್ಟದ ಹತ್ತಿರ ಪೈಪಿನೊಳಗೆ ನೀರು ಹೋಗ್ತಾ ಇತ್ತಾ?"

"ಹೋಗ್ತಾ ಇತ್ತು. ಇಲ್ಲಿಗೆ ಬರುದಿಲ್ಲ ಅಷ್ಟೇ. ನಡುವಿನಲ್ಲಿ ಎಲ್ಲಿಯೋ ಜಾಯಿಂಟು ಬಿಟ್ಟಿದೆ."

"ಹಾಗಾದ್ರೆ ಅವರು ಆ ಜಾಯಿಂಟಿನ ಹತ್ತಿರವೇ ಇರ್ಬೇಕು. ಅಲ್ಲಿ ನೀರು ಹಾರ್ತಾ ಇರ್ಬೇಕಲ್ಲ. ನನಗೆ ಒಂದು ಕಡೆಯೂ ಕಾಣ್ಲಿಲ್ಲ."

ಮಾವ ಗುಡ್ಡದ ಕಡೆ ತಿರುಗಿ ನೋಡಿದರು. "ಕಟ್ಟದ ಹತ್ತಿರದ ವಾಲ್ವ್ ನಾನು ಬಂದ್ ಮಾಡಿ ಬಂದೆ" ಎಂದರು.

"ಯಾಕೆ?"

"ಸುಮ್ಮನೆ ಹಾಳಾಗುದಲ್ವಾ ಅಕ್ಕ, ನೀರು."

ಅಂಗಳದಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಬೈಯುವ ಹಾಗೂ ಇರಲಿಲ್ಲ. ನಮ್ಮಲ್ಲಿ ಯಾರೇ ಹೋಗಿದ್ದರೂ ಅದನ್ನೇ ಮಾಡಿ ಬರುತ್ತಿದ್ದರು. ಗುರುತಿಲ್ಲದವರ ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೂ ನಿಂತು ತಿರುಗಿಸಿ ಹೋಗುವ ಜನ ನಾವು. ಹರಿದುಹೋಗುವ ನೀರನ್ನು ನೋಡಿ ಹಾಗೆಯೇ ದಾಟಿ ಬರಲು ನಮ್ಮ ಕೈ ಬಿಡುವುದಿಲ್ಲ. ಆ ಕೈಯೇ ಅಂದು ನನ್ನ ಗಂಡನ ಗುರುತನ್ನು ಅಳಿಸಿಹಾಕಿತ್ತು.

"ಹೋಗಿ ತೆರೆಯಿರಿ ಮಾವ" ಎಂದರು ಅಕ್ಕ. "ಪೂರ್ತಿ ತೆರೆಯಿರಿ. ತೆರೆದ ಮೇಲೆ ಒಂದು ಕೂ ಹಾಕಿ."

ಮಾವ ಆಗಲೇ ಗುಡ್ಡ ಹತ್ತುತ್ತಿದ್ದರು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಉಳಿದಿದ್ದದ್ದು ಒಂದೇ ಬ್ಯಾಟರಿ. ಅಕ್ಕ ಅದನ್ನು ಡ್ರೋನಿಗೆ ಹಾಕಿ, ಹಾರಿಸದೆ ಕಾದರು. ಉಳಿದ ಗಂಡಸರನ್ನು ಕಾಡಿನ ಅಂಚಿನಲ್ಲಿ ಬೇರೆ ಬೇರೆ ಕಡೆ ನಿಲ್ಲಿಸಿದರು. ಹೊರಡುವಾಗ ಒಬ್ಬರು, "ಸಿಕ್ಕಿದ್ರೆ ಒಂದು ಕೂ ಹಾಕ್ತೇವೆ" ಎಂದರು. ಸ್ವಲ್ಪ ತಡೆದು, ನನ್ನ ಕಡೆ ನೋಡದೆ, "ಜೀವ ಇದ್ರೆ ಎರಡು" ಎಂದರು.

ಗುಡ್ಡದ ಮೇಲಿನಿಂದ ಮಾವನ ಕೂಗು ಬಂತು. ದೂರದ್ದು, ತೆಳ್ಳಗಿನದ್ದು. ಅಕ್ಕ ಡ್ರೋನನ್ನು ಎತ್ತಿದರು.

ಪೈಪು ಉದ್ದವಿತ್ತು. ಅದರೊಳಗಿನ ಗಾಳಿಯನ್ನೆಲ್ಲ ತಳ್ಳಿಕೊಂಡು ನೀರು ಇಳಿಯಬೇಕು. ಪರದೆಯ ಮೇಲೆ ಕಾಡು ಅಲುಗದೆ ನಿಂತಿತ್ತು. ಹಸಿರಿನ ಮೇಲೆ ಒಂದು ಮೋಡದ ನೆರಳು ಬಂದು ದಾಟಿ ಹೋಯಿತು. ನನಗೆ ಆಗ ಇದೆಲ್ಲ ಯಾರಿಗೋ ಆಗುತ್ತಿರುವಂತೆ, ನಾನು ಸಂಜೆ ತಡಿಕೆಯ ಆ ಬದಿಯಲ್ಲಿ ಕುಳಿತು ನೋಡುತ್ತಿರುವಂತೆ ಅನಿಸಿತು. ಸದ್ದಿಲ್ಲದ ಚಿತ್ರ, ಎಂದಿನದೇ. ಮುಗಿದ ಮೇಲೆ ಎದ್ದು ಹೋಗಿ ತೋಳು ಜೋಡಿಸಬೇಕು.

"ಹೊಗೆ" ಎಂದೆ ನಾನು.

ಬಿದಿರು ಮೆಳೆಗಳ ನಡುವೆ ಬೆಳ್ಳಗಿನದ್ದೊಂದು ಏಳುತ್ತಿತ್ತು. ಮೊದಲು ಅದು ಕೆಮ್ಮಿದಂತೆ ಬಿಟ್ಟು ಬಿಟ್ಟು ಬಂತು. ಆಮೇಲೆ ಒಂದೇ ಸಮನೆ ಎದ್ದು, ತುದಿಯಲ್ಲಿ ಬಿಚ್ಚಿಕೊಂಡು, ಬಿಸಿಲಿಗೆ ಹೊಳೆಯಿತು.

"ಹೊಗೆ ಅಲ್ಲ" ಎಂದರು ಅಕ್ಕ. "ನೀರು."

ಡ್ರೋನನ್ನು ಅದರ ಮೇಲಕ್ಕೆ ಒಯ್ದು ತಗ್ಗಿಸಿ ನಿಲ್ಲಿಸಿದರು. ಗಂಡಸರಿಗೆ ಕೂಗಿ ಹೇಳಿದರು. "ಡ್ರೋನಿನ ಸದ್ದು ಕೇಳ್ತದಾ? ಅದರ ಅಡಿಗೆ ಹೋಗಿ. ಬೇರೆ ಎಲ್ಲಿಗೂ ನೋಡ್ಬೇಡಿ." ಕಾಡಿನೊಳಗೆ ಹೊಕ್ಕವರಿಗೆ ನೀರೂ ಕಾಣುವುದಿಲ್ಲ, ಆಕಾಶವೂ ಕಾಣುವುದಿಲ್ಲ. ಆ ಸದ್ದೊಂದೇ ದಾರಿ.

ಅಕ್ಕನ ಕೈಯಲ್ಲಿದ್ದ ರಿಮೋಟು ಕಿರಿಕಿರಿ ಮಾಡತೊಡಗಿತು.

"ಅಕ್ಕ, ಅದು ವಾಪಸ್ ಬರ್ಬೇಕು ಅಂತ ಹೇಳ್ತಾ ಉಂಟು" ಎಂದೆ. ಇಷ್ಟು ದಿನ ನೋಡಿ ನನಗೂ ಆ ಸದ್ದಿನ ಅರ್ಥ ಗೊತ್ತಿತ್ತು.

"ಹೇಳ್ಲಿ."

"ಬೀಳ್ತದೆ ಅಕ್ಕ."

"ಅವರು ಇನ್ನೂ ಅಲ್ಲಿಗೆ ಮುಟ್ಲಿಲ್ಲ ಮಾರಾಯ್ತಿ."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬ್ಯಾಟರಿ ತೀರಾ ಕಡಿಮೆಯಾದ ಮೇಲೆ ಡ್ರೋನು ಯಾರ ಮಾತನ್ನೂ ಕೇಳುವುದಿಲ್ಲ, ಇದ್ದಲ್ಲೇ ತಾನಾಗಿ ಇಳಿಯತೊಡಗುತ್ತದೆ. ಅದು ಇಳಿಯತೊಡಗಿತು. ಎಲೆಗಳು ನಮ್ಮ ಕಡೆಗೆ ಬಂದವು. ಮೊದಲು ಒಟ್ಟಾಗಿ, ಆಮೇಲೆ ಒಂದೊಂದಾಗಿ. ಒಂದು ಎಲೆಯ ನರಗಳೂ ಕಂಡವು. ಆಗ ಕಾಡಿನೊಳಗಿನಿಂದ ಒಂದು ಕೂ ಕೇಳಿತು. ಪರದೆ ಕಪ್ಪಾಯಿತು.

ಎರಡನೆಯದು ಬರಲಿಲ್ಲ. ಡ್ರೋನಿನ ಸದ್ದೂ ಇಲ್ಲ. ಅತ್ತೆ ಜಗಲಿಯ ಕಂಬ ಹಿಡಿದು ನಿಂತಿದ್ದರು. ಅಂಗಳದ ಟ್ಯಾಂಕಿನ ಅಡಿಯಲ್ಲಿ ಒಂದು ಕೋಳಿ ನೆಲ ಕೆದಕುತ್ತಿತ್ತು. ಅದರ ಉಗುರಿನ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಆಮೇಲೆ ಎರಡನೆಯ ಕೂ ಬಂತು.

ಅವರನ್ನು ಕಂಬಳಿಗೆ ಬಿದಿರು ಕಟ್ಟಿ ಹೊತ್ತು ತಂದರು. ಜಾಯಿಂಟು ಬಿಚ್ಚುವಾಗ ನೀರು ಒಮ್ಮೆಲೇ ಹಾರಿ, ಕಾಲು ಜಾರಿ, ಹಿಂದೆಯೇ ಒಂದು ಕಲ್ಲು ಉರುಳಿ ಬಂದು ಕಾಲಿನ ಮೇಲೆ ಕೂತಿತ್ತು. ಎಲುಬು ಎರಡು ಕಡೆ ಮುರಿದಿತ್ತು. ಕೂಗಿ ಕೂಗಿ ಸ್ವರ ಹೋಗಿತ್ತು. ಪುತ್ತೂರಿನ ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ಅವರು ಹೇಳಿದ್ದು ಇಷ್ಟು. ನೀರು ಹಾರುತ್ತಿರುವವರೆಗೆ ಧೈರ್ಯವಿತ್ತು. ಅದು ನಿಂತಾಗ, ಯಾರೋ ಕಟ್ಟದವರೆಗೆ ಬಂದು ತನ್ನನ್ನು ಕಾಣದೆ ಮರಳಿ ಹೋದರು ಎಂದು ತಿಳಿಯಿತು. ಆಗ ಹೆದರಿಕೆಯಾಯಿತು. ತುಂಬ ಹೊತ್ತಿನ ಮೇಲೆ ಪೈಪು ಕೆಮ್ಮಿತು. "ನೀರು ಬಂತು, ಇನ್ನು ಜನವೂ ಬರ್ತಾರೆ ಅಂತ ಅನಿಸಿತು" ಎಂದರು.

"ಮೇಲೆ ಡ್ರೋನು ಬಂದದ್ದು ನೋಡಿದ್ರಾ? ಕೈ ಯಾಕೆ ಬೀಸ್ಲಿಲ್ಲ?" ಎಂದು ಅಕ್ಕ ಕೇಳಿದರು. ಅವರು ಕಿತ್ತಳೆ ಹಿಡಿದುಕೊಂಡು ನೋಡಲು ಬಂದಿದ್ದರು.

"ಹೆಜ್ಜೇನು ಅಂತ ಗ್ರಹಿಸಿದೆ ಅಕ್ಕ. ಬೈರಾಸು ಮುಖಕ್ಕೆ ಮುಚ್ಚಿಕೊಂಡೆ."

ಅಕ್ಕ ಮಂಚದ ಕಬ್ಬಿಣ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ನಾನು ಮತ್ತೆ ಅಂಗಡಿಗೆ ಹೋದ ದಿನ ತಡಿಕೆಯ ಮೊಳೆಯಲ್ಲಿ ಮುಟ್ಟಾಳೆ ಇತ್ತು. ಅದರ ಪಕ್ಕದಲ್ಲಿ ಬಣ್ಣಬಣ್ಣದ ಚೀಲ ಖಾಲಿಯಾಗಿ ಜೋತುಬಿದ್ದಿತ್ತು. ಮಾವನೂ ಉಳಿದವರೂ ಡ್ರೋನನ್ನು ಹುಡುಕಿದ್ದರು. ಬಿದಿರು, ಬೆತ್ತ, ದೊಡ್ಡ ಮರಗಳು. ಸಿಕ್ಕಿರಲಿಲ್ಲ. ಅದರ ಬೆಲೆ ನನಗೆ ಗೊತ್ತಿತ್ತು. ಗಂಡನ ಸ್ಟುಡಿಯೋದ ಅರ್ಧ ಭಾಗ ಅದರೊಳಗಿತ್ತು ಎಂಬುದೂ ಗೊತ್ತಿತ್ತು. ನಾನು ಕೊರಳ ಸರವನ್ನು ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದೆ. ಅದನ್ನು ಮೇಜಿನ ಮೇಲಿಟ್ಟು, "ಎಷ್ಟು ಅಕ್ಕ?" ಎಂದೆ.

ಅವರು ಕಟ್ಟನ್ನು ಬಿಚ್ಚಲಿಲ್ಲ. "ಅರ್ಧ ದಿನದ ಕೆಲಸ" ಎಂದರು. "ಆರು."

"ಅದಲ್ಲ ಅಕ್ಕ."

"ಮತ್ತೆ ಎಂತ? ಫೋನಿನಲ್ಲಿ ಊರಿಗೆಲ್ಲ ನೀನೇ ಹೇಳುದಲ್ವಾ? ಹಾರಿದ್ದಕ್ಕೆ ನೀವು ಕೊಡಿ, ಬಿದ್ದರೆ ನಮ್ಮ ಲೆಕ್ಕ ಅಂತ."

"ಅದು ಮದುವೆಯವರಿಗೆ."

"ನೀನು ಬ್ಲೌಸು ಹೊಲಿಯುವಾಗ ಸೂಜಿ ಮುರಿದ್ರೆ ಸೂಜಿಗೆ ರೇಟು ಹಾಕ್ತೀಯಾ?"

ಆರು ಸಾವಿರವನ್ನು ಅವರು ಪೂರ್ತಿ ತೆಗೆದುಕೊಂಡರು. ಒಂದು ರೂಪಾಯಿಯನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಅವರ ಮುಖ ನೋಡಲಾರದೆ ಅಂಗಡಿಯನ್ನು ಬೇರೆ ಕಡೆಗೆ ಒಯ್ಯುತ್ತಿದ್ದೆನೇನೋ. ಅದು ಅವರಿಗೆ ತಿಳಿದಿತ್ತು ಎಂದು ನನಗೆ ಆಮೇಲೆ ಅನಿಸಿದೆ. ಕರವಸ್ತ್ರವನ್ನು ನನ್ನ ಕೈಗೇ ತುರುಕಿ, "ಕೊರಳು ಬೋಳು ಕಾಣ್ತದೆ, ಹಾಕು" ಎಂದರು.

ಆ ಬೇಸಗೆಯ ಮದುವೆಗಳೆಲ್ಲ ಬೇರೆಯವರ ಪಾಲಾದವು. ಫೋನ್ ಬಂದರೆ ನಾನು ಪುತ್ತೂರಿನ ಕಡೆಯವರ ನಂಬರು ಕೊಡುತ್ತಿದ್ದೆ. ಮೂರಕ್ಕೆ ಬರುವವರ ನಂಬರು. ಅಕ್ಕ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ, ಹಳೆಯ ಚಿತ್ರಗಳಿಗೆ ಕಟ್ಟು ಹಾಕುತ್ತ ಕುಳಿತಿರುತ್ತಿದ್ದರು. ಕೊರಗಿದ್ದನ್ನು ನಾನು ಕಾಣಲಿಲ್ಲ. ಆದರೆ ಸಂಜೆ "ಬಾ, ಊರು ನೋಡು" ಎಂಬ ಕರೆ ನಿಂತುಹೋಯಿತು. ಕೆಲವು ಸಲ ಅವರು ಕಿಟಕಿಯಿಂದ ಬಸ್ಸು ನಿಲ್ದಾಣವನ್ನು ನೋಡುತ್ತ ನಿಂತಿರುತ್ತಿದ್ದರು. ಮಹಡಿಯೆಂದರೆ ಎಷ್ಟು ಎತ್ತರ, ಎಂಟು ಹತ್ತು ಜನರ ತಲೆ ಕಾಣುತ್ತದೆ ಅಷ್ಟೇ.

ಹೊಸ ಡ್ರೋನಿಗೆ ಹಣ ಕೂಡಿಡುತ್ತಿದ್ದರು. ಮಳೆಗಾಲ ಮುಗಿದ ಮೇಲೆ ತರುವುದೆಂದಿದ್ದರು. ಮಳೆಗಾಲದ ನಡುವಿನಲ್ಲೇ ಜ್ವರ ಬಂತು. ಸುಳ್ಯದಿಂದ ಪುತ್ತೂರಿಗೆ ಒಯ್ದರು. ನಾನು ಎರಡು ಸಲ ಹೋಗಿ ನೋಡಿದೆ. ಎರಡನೆಯ ಸಲ ಅವರಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ. ಮಾಡಿನ ಕಡೆಗೆ ನೋಡುತ್ತಿದ್ದರು. "ಮೇಲೆ ಎಂತ ಉಂಟು" ಎಂದು ಕೇಳಿದರು. ಫ್ಯಾನು ಉಂಟು ಅಕ್ಕ ಎಂದೆ. ಅವರು ತಲೆಯಾಡಿಸಿದರು. ಅದೇ ಕೊನೆ.

ಉತ್ತರಕ್ರಿಯೆಗೆ ಇಡಲು ಒಂದು ಫೋಟೋ ಬೇಕೆಂದು ಅವರ ತಮ್ಮ ಸ್ಟುಡಿಯೋಗೆ ಬಂದ. ಕಂಪ್ಯೂಟರಿನಲ್ಲಿ ಊರಿನವರೆಲ್ಲರ ಮುಖಗಳಿದ್ದವು. ಅಕ್ಕನದು ಇರಲಿಲ್ಲ. ಕೊನೆಗೆ ಅವರ ಮದುವೆಯ ಗ್ರೂಪ್ ಫೋಟೋದಿಂದ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿದರು. ಅದು ಬೇರೆ ಯಾರದೋ ಮುಖದಂತಿತ್ತು. ಸ್ಟುಡಿಯೋ ಖಾಲಿ ಮಾಡುವಾಗ ನಾನು ಮುಟ್ಟಾಳೆ ಮತ್ತು ಚೀಲ ಎರಡನ್ನೂ ಕೇಳಿ ತೆಗೆದುಕೊಂಡೆ.

ಮಳೆ ನಿಂತು, ಮತ್ತೆ ಕಟ್ಟ ಹಾಕುವ ಕಾಲ ಬಂತು. ನನ್ನ ಗಂಡ ಈಗ ಕೋಲು ಹಿಡಿದು ನಡೆಯುತ್ತಾರೆ, ಮಾವ ಜೊತೆಗೆ ಹೋಗುತ್ತಾರೆ. ಒಂದು ಮಧ್ಯಾಹ್ನ ಇಬ್ಬರೂ ಬೈರಾಸಿನಲ್ಲಿ ಏನನ್ನೋ ಸುತ್ತಿಕೊಂಡು ಇಳಿದು ಬಂದರು. ಡ್ರೋನು ಮರದ ಕವಲಿನಿಂದ ಕೆಳಗೆ ಬಿದ್ದಿತ್ತಂತೆ, ಗಾಳಿಗೆ ಕೊಂಬೆ ಮುರಿದು. ಒಂದು ರೆಕ್ಕೆ ಇರಲಿಲ್ಲ. ಹೊಟ್ಟೆಯೊಳಗೆ ಇರುವೆಗಳು ಗೂಡು ಮಾಡಿದ್ದವು. ನಾನು ಅದನ್ನು ಒರೆಸಿ, ಉಗುರಿನಿಂದ ಸಣ್ಣ ಬಾಗಿಲನ್ನು ತೆರೆದೆ. ಒಳಗೆ ಮೆಮೊರಿ ಕಾರ್ಡು ಇತ್ತು.

ಅದು ಉಳಿದಿರಬಹುದೆಂದು ನಾನು ನಂಬಿರಲಿಲ್ಲ. ಸುಳ್ಯದ ಮೊಬೈಲ್ ಅಂಗಡಿಯವರು ಅದರಲ್ಲಿದ್ದುದನ್ನು ತೆಗೆದು ನನ್ನ ಫೋನಿಗೆ ಹಾಕಿಕೊಟ್ಟರು. ಮೊದಲೆರಡು ಹಾರಾಟ ಹಾಳಾಗಿದ್ದವು. ಮೂರನೆಯದು ಇತ್ತು. ಅದನ್ನು ನಾನೂ ನನ್ನ ಗಂಡನೂ ಜಗಲಿಯಲ್ಲಿ ಕುಳಿತು ನೋಡಿದೆವು.

ಮೊದಲು ಬೊಟ್ಟು. ಪರದೆ ತುಂಬ ಕೆಂಪು. ಅದು ಸ್ವಲ್ಪ ಸಣ್ಣದಾಗುವಾಗ ಹಾಳೆಯ ಗೆರೆಗಳು ಕಂಡವು, ಆಮೇಲೆ ಅಕ್ಕನ ಹೆಗಲು, ಅವರ ಗಂಡನ ಅಂಗಿ. ಅದರ ಪಕ್ಕದಲ್ಲಿ ಇನ್ನೊಂದು ತಲೆ, ಬೈತಲೆ ಓರೆಯಾಗಿ. ಅದು ನಾನು. ನಾನು ಅಂದು ಅಕ್ಕನ ಅಂಗಿಯ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದೆ. ಅದು ನನಗೆ ನೆನಪಿರಲೇ ಇಲ್ಲ. ಅಕ್ಕ ಒಮ್ಮೆ ಮೇಲೆ ನೋಡಿದರು. ಮುಟ್ಟಾಳೆಯ ಅಡಿಯಿಂದ ಅವರ ಮುಖ ಬಂತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ಮೇಲೆ ಏನೇನು ಉಂಟು ಎಂದು ಲೆಕ್ಕ ಹಾಕುವ ಅದೇ ಮುಖ. ಮತ್ತೆ ಬೊಟ್ಟು. ಅಂಗಳ ತೆರೆದುಕೊಂಡಿತು, ಮಾಡು ತೆರೆದುಕೊಂಡಿತು. ಕಾಡು ನಾಲ್ಕೂ ಕಡೆಯಿಂದ ಒಳಗೆ ಬಂತು. ಅಷ್ಟು ಹಸಿರಿನ ನಡುವೆ ಬೊಟ್ಟು ಕುಂಕುಮದ ಒಂದು ಕಾಳಿನಷ್ಟಾಗಿ ಉಳಿಯಿತು.

ನಾನು ಅಲ್ಲಿಗೆ ನಿಲ್ಲಿಸಿದೆ.

"ಮುಂದೆ ಬಿಡು" ಎಂದರು ಗಂಡ. "ನೀರು ಏಳುದು ನಾನು ನೋಡಿಲ್ಲ."

"ಬಿಡ್ತೇನೆ" ಎಂದೆ. "ಸ್ವಲ್ಪ ಇರ್ಲಿ."